ಕೀಬೋರ್ಡನ್ನು ನಲ್ಲಿಯ ಕೆಳಗೆ ಹಿಡಿಯುವ ಮುನ್ನ

ನಿಮ್ಮ ಪ್ರಶ್ನೆಯಲ್ಲಿ ಮೂರು ದೂರುಗಳಿವೆ. ಕೀಲಿಗಳ ಮೇಲೆ ಕಪ್ಪು ಜಿಡ್ಡು ಕೂತಿದೆ, ಸಂದುಗಳಲ್ಲಿ ಧೂಳು, ಕೂದಲು ಸೇರಿಕೊಂಡಿವೆ, ಸ್ಪೇಸ್‌ಬಾರ್ ಒತ್ತಿದರೆ ಮೇಲೇಳಲು ತಡಮಾಡುತ್ತದೆ. ಕೊನೆಗೆ, ‘ಇಡೀ ಕೀಬೋರ್ಡನ್ನೇ ನೀರಿನಲ್ಲಿ ತೊಳೆದು ಒಣಗಿಸಿದರೆ ಆಗದೇ?’ ಎಂದೂ ಕೇಳಿದ್ದೀರಿ. ಈ ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ; ಅದನ್ನು ಮಾಡಿ ಕೈ ಸುಟ್ಟುಕೊಂಡವನು ನಾನು.

ಕೆಲವು ವರ್ಷಗಳ ಹಿಂದೆ ಒಂದು ಸಾಧಾರಣ ಕೀಬೋರ್ಡನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತೊಳೆದೆ. ಚೆನ್ನಾಗಿ ಕೊಡವಿ ಒಂದು ದಿನ ಬಿಸಿಲಿಗಿಟ್ಟೆ. ಮರುದಿನ ಮುಟ್ಟಿ ನೋಡಿದರೆ ಒಂದಿಷ್ಟೂ ತೇವವಿರಲಿಲ್ಲ. ಕಂಪ್ಯೂಟರಿಗೆ ಜೋಡಿಸಿದ್ದೇ ತಡ, ಯಾರೂ ಮುಟ್ಟದಿದ್ದರೂ ಎಂಟರ್ ಕೀಲಿ ತಾನಾಗಿ ಒತ್ತಿಕೊಳ್ಳತೊಡಗಿತು. ಒಂದು ಅಕ್ಷರ ಒತ್ತಿದರೆ ನಾಲ್ಕು ಅಕ್ಷರ ಮೂಡುತ್ತಿದ್ದವು. ಬೆನ್ನಿನ ತಿರುಪುಗಳನ್ನು ಬಿಚ್ಚಿದೆ. ಎಲ್ಲವನ್ನೂ ತೆಗೆದ ಮೇಲೂ ಬಾಯಿ ಬಿಡದಿದ್ದಾಗ ಗೊತ್ತಾಯಿತು, ಎರಡು ತಿರುಪುಗಳು ಹಿಂದಿನ ಚೀಟಿಯ ಅಡಿಯಲ್ಲಿ ಅಡಗಿದ್ದವು. ಒಳಗೆ ನೋಡಿದರೆ ನೀರು ಹಾಗೆಯೇ ಇತ್ತು.

ಕಾರಣ ಸರಳ. ಇಂಥ ಕೀಬೋರ್ಡಿನ ಹೊಟ್ಟೆಯಲ್ಲಿ ರಬ್ಬರಿನ ಪುಟ್ಟ ಗುಮ್ಮಟಗಳಿರುವ ಒಂದು ಹಾಸು, ಅದರ ಕೆಳಗೆ ತೆಳುವಾದ ಮೂರು ಪ್ಲಾಸ್ಟಿಕ್ ಹಾಳೆಗಳು ಇರುತ್ತವೆ. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಗೆರೆಗಳನ್ನು ಮುದ್ರಿಸಿರುತ್ತಾರೆ. ನಡುವಿನ ಹಾಳೆಯಲ್ಲಿ ಕೀಲಿಗೊಂದರಂತೆ ತೂತುಗಳು. ಕೀಲಿ ಒತ್ತಿದಾಗ ಗುಮ್ಮಟ ಕುಗ್ಗಿ, ಮೇಲಿನ ಹಾಳೆಯ ಚುಕ್ಕೆ ಆ ತೂತಿನ ಮೂಲಕ ಕೆಳಗಿನ ಚುಕ್ಕೆಯನ್ನು ಮುಟ್ಟುತ್ತದೆ, ಅಕ್ಷರ ಮೂಡುತ್ತದೆ. ಈ ಹಾಳೆಗಳ ನಡುವೆ ನುಗ್ಗಿದ ನೀರು ಎರಡು ಗಾಜಿನ ಹಲಗೆಗಳ ನಡುವೆ ಸಿಕ್ಕ ನೀರಿನಂತೆ, ಕೊಡವಿದರೂ ಬರುವುದಿಲ್ಲ, ಬಿಸಿಲಿಗಿಟ್ಟರೂ ಬೇಗ ಆರುವುದಿಲ್ಲ. ನನ್ನದರಲ್ಲಿ ಹಾಳೆಗಳು ಬಿಡಿಬಿಡಿಯಾಗಿದ್ದವು, ಒರೆಸಿ ಒಣಗಿಸಿ ಮತ್ತೆ ಜೋಡಿಸಿದೆ. ಎಷ್ಟೋ ಕೀಬೋರ್ಡ್‌ಗಳಲ್ಲಿ ಅವುಗಳನ್ನು ಅಂಟಿಸಿಯೇ ಇಟ್ಟಿರುತ್ತಾರೆ, ಆಗ ಆ ದಾರಿಯೂ ಇಲ್ಲ. ಇಷ್ಟಾದರೂ ಒಂದು ಕೀಲಿ ಮಾತ್ರ ಶಾಶ್ವತವಾಗಿ ಹೋಯಿತು. ಅದನ್ನು ಕೊಂದದ್ದು ಬರೀ ನೀರಲ್ಲ, ಒದ್ದೆಯಿರುವಾಗಲೇ ನಾನು ಹರಿಸಿದ ವಿದ್ಯುತ್ತು. ತೇವದಲ್ಲಿ ವಿದ್ಯುತ್ ಹರಿದರೆ ಆ ಸಣ್ಣ ಗೆರೆಗಳು ತುಕ್ಕು ಹಿಡಿದಂತೆ ಸವೆದುಹೋಗುತ್ತವೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಮ್ಮನೆ ಅಲ್ಲ.

ಹಾಗಾಗಿ ನೀರು ಕಾಣಬೇಕಾದದ್ದು ಕೀಲಿಗಳ ಮೇಲಿನ ಪ್ಲಾಸ್ಟಿಕ್ ಮುಚ್ಚಳಗಳು ಮಾತ್ರ, ಅದೂ ಕಳಚಿ ತೆಗೆದ ಮೇಲೆ. ಆದರೆ ಅಲ್ಲಿಗೆ ಹೋಗುವ ಮೊದಲು ಕೊಳೆ ಯಾವುದು ಎಂದು ನೋಡಿಕೊಳ್ಳಿ. ಧೂಳಿಗೆ ಒಣ ಬ್ರಷ್ ಸಾಕು. ಬೆರಳಿನ ಜಿಡ್ಡಿಗೆ ಆಲ್ಕೊಹಾಲ್ ಬೇಕು. ಚೆಲ್ಲಿ ಒಣಗಿದ ಸಿಹಿ ಪಾನೀಯಕ್ಕೆ ನೀರೇ ಮದ್ದು, ಏಕೆಂದರೆ ಸಕ್ಕರೆ ನೀರಿನಲ್ಲಿ ಕರಗುವಷ್ಟು ಚೆನ್ನಾಗಿ ಆಲ್ಕೊಹಾಲಿನಲ್ಲಿ ಕರಗುವುದಿಲ್ಲ. ಜನ ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ಧೂಳಿನ ಮೇಲೆ ಮೊದಲೇ ದ್ರವ ಸಿಂಪಡಿಸಿ, ಉದುರಿಹೋಗಬೇಕಾದದ್ದನ್ನು ಕೆಸರು ಮಾಡಿ ಸಂದಿಗೆ ಮೆತ್ತುತ್ತಾರೆ.

ಮೊದಲು ಕೀಬೋರ್ಡಿನ ತಂತಿಯನ್ನು ಕಂಪ್ಯೂಟರಿನಿಂದ ಕಿತ್ತುಬಿಡಿ. ತಂತಿಯಿಲ್ಲದ್ದಾದರೆ ಸ್ವಿಚ್ ಆರಿಸಿ, ಬ್ಯಾಟರಿ ತೆಗೆಯಿರಿ. ಪರದೆಗೆ ಬೀಗ ಹಾಕಿದ್ದೇನೆ, ಅಷ್ಟು ಸಾಕು ಎಂದುಕೊಳ್ಳಬೇಡಿ. ಆಮೇಲೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ದಿನವಿಡೀ ಬೆರಳಾಡಿಸುವ ಕೀಲಿಗಳು ಯಾವುದು ಎಲ್ಲಿ ಎಂಬುದು ಬೆರಳಿಗೆ ಗೊತ್ತು, ತಲೆಗೆ ಗೊತ್ತಿರುವುದಿಲ್ಲ. ಮುಚ್ಚಳಗಳ ರಾಶಿಯ ಮುಂದೆ ಕುಳಿತಾಗ ಇದು ಅರ್ಥವಾಗುತ್ತದೆ.

ಈಗ ಕೀಬೋರ್ಡನ್ನು ಹಳೆಯ ಪತ್ರಿಕೆಯ ಮೇಲೆ ಬೋರಲು ಹಿಡಿದು, ಬೆನ್ನಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿ. ಉದುರುವುದನ್ನು ನೋಡಿ ಬೇಸರಪಡಬೇಡಿ, ಎಲ್ಲರದ್ದೂ ಹೀಗೆಯೇ. ನಂತರ ಬಣ್ಣ ಬಳಿಯುವ ಮೃದುವಾದ ಬ್ರಷ್‌ನಿಂದ ಸಾಲುಗಳ ನಡುವೆ ಎಳೆಯಿರಿ. ಹಲ್ಲುಜ್ಜುವ ಹಳೆಯ ಬ್ರಷ್‌ಗಿಂತ ಇದು ಮೇಲು, ಎಳೆಗಳು ಉದ್ದವಿರುವುದರಿಂದ ಆಳಕ್ಕೆ ಹೋಗುತ್ತವೆ. ಒತ್ತಡದ ಗಾಳಿಯ ಡಬ್ಬಿ ಇದ್ದರೆ ಅದನ್ನು ನೆಟ್ಟಗೆ ಹಿಡಿದು, ಚಿಕ್ಕ ಚಿಕ್ಕದಾಗಿ, ಓರೆಯಾಗಿ ಊದಿ. ಡಬ್ಬಿಯನ್ನು ತಲೆಕೆಳಗೆ ಮಾಡಿದರೆ ಗಾಳಿಯ ಬದಲು ಕೊರೆಯುವ ದ್ರವ ಹೊರಬರುತ್ತದೆ. ಬಾಯಿಂದ ಊದುವುದು ಬೇಡ, ಎಂಜಲು ಹಾರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಬಳಸುವುದಾದರೆ ಮೂತಿಗೆ ಬ್ರಷ್ ಇರುವ ನಳಿಕೆ ಹಾಕಿ, ಸಡಿಲವಾದ ಮುಚ್ಚಳಗಳ ಮೇಲೆ ಕಣ್ಣಿಡಿ. ಎಸ್ಕೇಪ್ ಕೀಲಿಗಾಗಿ ಅದರ ಧೂಳಿನ ಚೀಲವನ್ನು ಸುರಿದು ಕೆದಕಿದ ಸಂಜೆ ನನಗೆ ಇನ್ನೂ ನೆನಪಿದೆ. ಹೆಸರಿಗೆ ತಕ್ಕಂತೆ ನಡೆದುಕೊಂಡ ಕೀಲಿ ಅದೊಂದೇ.

ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಳ್ಳೆಯದು. ಬಟ್ಟೆಗೆ ಹಾಕಿ ಒರೆಸಿ, ಕೀಬೋರ್ಡಿನ ಮೇಲೆ ನೇರವಾಗಿ ಸುರಿಯಬೇಡಿ. ಶೇ 70ರದ್ದು ಹೊರಮೈ ಒರೆಸಲು ಸಾಕು, ಕ್ರಿಮಿಗಳನ್ನು ಕೊಲ್ಲುವುದರಲ್ಲೂ ಅದೇ ಮೇಲು. ಕೀಲಿಗಳ ಅಡಿಯ ಸ್ವಿಚ್‌ಗಳ ಹತ್ತಿರ ಹೋಗುವಾಗ ಮಾತ್ರ ನೀರಿನಂಶ ಕಡಿಮೆಯಿರುವ, ಶೇ 90ಕ್ಕೂ ಹೆಚ್ಚಿನದು ಬೇಕು, ಬೇಗ ಆರಿಹೋಗುತ್ತದೆ. ಉರಿಯುವ ವಸ್ತು, ಹತ್ತಿರ ಬೆಂಕಿ ಇರಬಾರದು, ಕಿಟಕಿ ತೆರೆದಿರಲಿ. ಅಕ್ಷರಗಳನ್ನು ಮೇಲ್ಮೈಯಲ್ಲಷ್ಟೇ ಮುದ್ರಿಸಿದ್ದರೆ ಅವು ಅಳಿಸಿಹೋಗಬಹುದು, ಆದ್ದರಿಂದ ಮೊದಲು ಸ್ಕ್ರಾಲ್ ಲಾಕ್‌ನಂಥ, ಯಾರಿಗೂ ಬೇಡದ ಕೀಲಿಯ ಮೇಲೆ ಪರೀಕ್ಷಿಸಿ. ಉಗುರುಬಣ್ಣ ತೆಗೆಯುವ ದ್ರಾವಣವನ್ನು ಮಾತ್ರ ಹತ್ತಿರ ತರಬೇಡಿ. ಅದರಲ್ಲಿ ಹೆಚ್ಚಾಗಿ ಅಸಿಟೋನ್ ಇರುತ್ತದೆ, ಎಷ್ಟೋ ಕೀಲಿಗಳನ್ನು ಮಾಡುವ ಎಬಿಎಸ್ ಪ್ಲಾಸ್ಟಿಕ್ಕನ್ನು ಅದು ಕರಗಿಸಿಬಿಡುತ್ತದೆ.

ಒಂದು ವಿಷಯದಲ್ಲಿ ನಿಮ್ಮ ಶ್ರಮ ಉಳಿಸುತ್ತೇನೆ. ಹೆಚ್ಚು ಬಳಸುವ ಕೀಲಿಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದರೆ, ಒರೆಸಿದ ಮೇಲೂ ಹೊಳೆಯುತ್ತಿದ್ದರೆ, ಅದು ಕೊಳೆಯಲ್ಲ. ಬೆರಳು ತಾಗಿ ತಾಗಿ ಪ್ಲಾಸ್ಟಿಕ್ಕಿನ ತರಿ ಸವೆದು ನುಣುಪಾಗಿದೆ. ಹಳೆಯ ಬಿಳಿ ಕೀಬೋರ್ಡ್ ಹಳದಿಯಾಗಿರುವುದೂ ಕೊಳೆಯಲ್ಲ, ಬೆಳಕು ಮತ್ತು ಗಾಳಿ ಪ್ಲಾಸ್ಟಿಕ್ಕಿನ ಮೇಲೆ ಮಾಡಿದ ಕೆಲಸ. ಎರಡನ್ನೂ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಇನ್ನು ಮುಚ್ಚಳ ಕೀಳುವ ಮಾತು. ಮೆಕ್ಯಾನಿಕಲ್ ಕೀಬೋರ್ಡ್, ಅಂದರೆ ಪ್ರತಿ ಕೀಲಿಯ ಅಡಿಯಲ್ಲೂ ಬೇರೆಯದೇ ಸ್ವಿಚ್ ಇರುವಂಥದ್ದು ಆದರೆ ಸುಲಭ. ತಂತಿಯ ಎರಡು ಕುಣಿಕೆಗಳಿರುವ ಪುಟ್ಟ ಸಾಧನ ಸಿಗುತ್ತದೆ, ಮುಚ್ಚಳದ ಎದುರುಬದುರು ಮೂಲೆಗಳಿಗೆ ಸಿಕ್ಕಿಸಿ ನೆಟ್ಟಗೆ ಮೇಲಕ್ಕೆ ಎಳೆಯಿರಿ. ಓರೆಯಾಗಿ ಎಳೆದರೆ ಒಳಗಿನ ಕಂಬ ಮುರಿಯಬಹುದು. ರಬ್ಬರ್ ಗುಮ್ಮಟದ ಸಾಧಾರಣ ಕೀಬೋರ್ಡ್‌ಗಳಲ್ಲೂ ಎತ್ತರದ ಕೀಲಿಗಳಾದರೆ ಸಾಮಾನ್ಯವಾಗಿ ಬರುತ್ತವೆ, ಚಪ್ಪಟೆ ಸ್ಕ್ರೂಡ್ರೈವರ್‌ನ ತುದಿಗೆ ಬಟ್ಟೆ ಸುತ್ತಿ ನಿಧಾನವಾಗಿ ಮೀಟಬೇಕು. ಲ್ಯಾಪ್‌ಟಾಪ್ ಕೀಲಿಗಳ ತಂಟೆಗೆ ಹೋಗಬೇಡಿ. ಅವುಗಳ ಅಡಿಯಲ್ಲಿ ಕತ್ತರಿಯಂತೆ ಮಡಚಿಕೊಳ್ಳುವ ಪ್ಲಾಸ್ಟಿಕ್ ಜೋಡಣೆಯಿದ್ದು, ಅದರ ಕೊಕ್ಕೆಗಳು ಕೂದಲಿನಷ್ಟೇ ಎನ್ನಬಹುದಾದಷ್ಟು ಸಣ್ಣವು. ಅಲ್ಲಿ ಬ್ರಷ್, ತುಸು ಒದ್ದೆಯಾದ ಬಟ್ಟೆ, ಲ್ಯಾಪ್‌ಟಾಪನ್ನು ಓರೆಯಾಗಿ ಹಿಡಿದು ಊದಿದ ಗಾಳಿ, ಇಷ್ಟರಲ್ಲೇ ತೃಪ್ತಿಪಡಬೇಕು.

ನಿಮ್ಮ ಸ್ಪೇಸ್‌ಬಾರ್ ವಿಷಯಕ್ಕೆ ಬರೋಣ, ನಿಜವಾದ ಕೆಲಸ ಇರುವುದು ಅಲ್ಲಿಯೇ. ಸ್ಪೇಸ್‌ಬಾರ್, ಎಂಟರ್, ಶಿಫ್ಟ್‌ನಂಥ ಉದ್ದ ಕೀಲಿಗಳ ಒಂದು ತುದಿ ಒತ್ತಿದರೂ ಇಡೀ ಕೀಲಿ ಸಮವಾಗಿ ಇಳಿಯಲೆಂದು ಅಡಿಯಲ್ಲಿ ಒಂದು ಉಕ್ಕಿನ ತಂತಿ ಇರುತ್ತದೆ. ಆ ತಂತಿಗೆ ಕೂದಲು ಸುತ್ತಿಕೊಂಡರೆ, ಅದರ ಕೊಕ್ಕೆಯಲ್ಲಿ ಅಂಟು ಕೂತರೆ, ಅಥವಾ ಒಂದು ಬದಿಯ ಕೊಕ್ಕೆಯಿಂದ ತಂತಿ ಜಾರಿದ್ದರೆ ಕೀಲಿ ಸೋಮಾರಿಯಾಗುತ್ತದೆ. ನಡುವಿನಿಂದ ಜಗ್ಗಬೇಡಿ. ಒಂದು ಬದಿಯನ್ನು ಸ್ವಲ್ಪ, ಇನ್ನೊಂದು ಬದಿಯನ್ನು ಸ್ವಲ್ಪ ಎತ್ತುತ್ತ ಬಿಡಿಸಿ, ತಂತಿ ಯಾವ ಕೊಕ್ಕೆಗೆ ಹೇಗೆ ಸಿಕ್ಕಿದೆ ಎಂಬುದರ ಇನ್ನೊಂದು ಚಿತ್ರ ತೆಗೆಯಿರಿ. ಕೂದಲನ್ನು ಚಿಮುಟದಿಂದ ಎಳೆದು ತೆಗೆಯಿರಿ. ಮೆಕ್ಯಾನಿಕಲ್ ಕೀಬೋರ್ಡಿನ ತಂತಿಯ ತುದಿಗಳಲ್ಲಿ ಬೆಳ್ಳನೆಯ ಗ್ರೀಸ್ ಕಂಡರೆ ಕೊಳೆಯೆಂದು ಒರೆಸಿಹಾಕಬೇಡಿ. ಗಡಗಡ ಸದ್ದಾಗದಿರಲೆಂದು ಅದನ್ನು ಬೇಕೆಂದೇ ಹಾಕಿರುತ್ತಾರೆ. ಇದು ತಿಳಿಯದೆ ಶುಚಿತ್ವದ ಹುಮ್ಮಸ್ಸಿನಲ್ಲಿ ಒರೆಸಿ, ಆಮೇಲೆ ಸ್ಪೇಸ್‌ಬಾರ್ ಹಳೆಯ ಬಸ್ಸಿನ ಕಿಟಕಿಯಂತೆ ಸದ್ದು ಮಾಡುವುದನ್ನು ತಿಂಗಳುಗಟ್ಟಲೆ ಕೇಳಿದ್ದೇನೆ.

ಮುಚ್ಚಳಗಳನ್ನು ಒಂದು ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿ, ಪಾತ್ರೆ ತೊಳೆಯುವ ದ್ರಾವಣದ ನಾಲ್ಕು ಹನಿ ಬೆರೆಸಿ, ಅರ್ಧ ಗಂಟೆ ಬಿಡಿ. ಕುದಿಯುವ ನೀರು ಬೇಡ, ಮುಚ್ಚಳಗಳು ಸೊಟ್ಟಗಾದರೆ ಮತ್ತೆ ಕೂರುವುದಿಲ್ಲ. ತಂತಿ ಕೀಲಿಗೇ ಅಂಟಿಕೊಂಡು ಬಂದಿದ್ದರೆ ಅದನ್ನು ಬಿಡಿಸಿ ಬೇರೆ ಇಡಿ, ತುಕ್ಕು ಹಿಡಿಯಬಾರದು. ಆಮೇಲೆ ಕೈಯಲ್ಲೇ ಕಲಕಿ, ಹಟಮಾರಿ ಕಲೆಗಳನ್ನು ಮಾತ್ರ ಬ್ರಷ್‌ನಿಂದ ಉಜ್ಜಿ. ತೊಳೆಯುವಾಗ ಜರಡಿಯಲ್ಲಿಟ್ಟು ತೊಳೆಯಿರಿ. ಅಕ್ಷರವೊಂದು ಚರಂಡಿ ಪಾಲಾದರೆ ಅದೇ ಅಳತೆಯ, ಅದೇ ಬಣ್ಣದ ಇನ್ನೊಂದನ್ನು ಹುಡುಕುವ ಕಷ್ಟ ಬೇಡ. ಬಟ್ಟೆಯ ಮೇಲೆ ಮೊದಲು ಬೋರಲಾಗಿಟ್ಟು ನೀರಿಳಿಸಿ, ಸ್ವಲ್ಪ ಹೊತ್ತಿನ ನಂತರ ಅಂಗಾತ ತಿರುವಿ. ಹೊರಮೈ ಹತ್ತು ನಿಮಿಷದಲ್ಲಿ ಒಣಗುತ್ತದೆ, ಆದರೆ ಸ್ವಿಚ್ಚಿಗೆ ಕೂರುವ ಕಂಬದ ತೂತಿನಲ್ಲಿ ಒಂದು ಹನಿ ಬಹಳ ಹೊತ್ತು ಉಳಿದಿರುತ್ತದೆ. ಇಡೀ ರಾತ್ರಿ ಬಿಟ್ಟುಬಿಡಿ. ತಲೆಗೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಬೇಡ.

ಅವು ಒಣಗುವಷ್ಟರಲ್ಲಿ ಬೋಳಾದ ಕೀಬೋರ್ಡನ್ನು ನೋಡಿಕೊಳ್ಳಿ. ಬ್ರಷ್‌ನಿಂದ ಮತ್ತೊಮ್ಮೆ ಗುಡಿಸಿ, ಮೂಲೆಗಳನ್ನು ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಒರೆಸಿ. ಸಿಹಿಯಾದದ್ದೇನೋ ಚೆಲ್ಲಿ ಅಂಟಾಗಿದ್ದರೆ ಮೊದಲು ನೀರಿನಲ್ಲಿ ಅದ್ದಿ ಹಿಂಡಿದ ಕಡ್ಡಿ, ಆಮೇಲೆ ಆಲ್ಕೊಹಾಲಿನದು. ಮೆಕ್ಯಾನಿಕಲ್ ಸ್ವಿಚ್ಚಿನ ಒಳಗೇ ಅಂಟು ಇಳಿದಿದ್ದರೆ ಒಂದೆರಡು ಹನಿ ಆಲ್ಕೊಹಾಲ್ ಬಿಟ್ಟು ಮೂವತ್ತು ನಲವತ್ತು ಸಲ ಒತ್ತಿ ನೋಡಬಹುದು, ಕೆಲವೊಮ್ಮೆ ಬಿಡುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ನಕ್ಕು ಸುಮ್ಮನಾಗಿ. ಎಣ್ಣೆ ಎರಡು ದಿನ ಜಾರುತ್ತದೆ, ಮೂರನೆಯ ದಿನದಿಂದ ಧೂಳು ಹಿಡಿಯುತ್ತದೆ. ಹಿಟ್ಟಿನಂತೆ ಮೆತ್ತುವ, ಧೂಳು ಹೀರುವ ಜೆಲ್ ಬಗ್ಗೆಯೂ ನನಗೆ ಅಷ್ಟೇನೂ ಒಲವಿಲ್ಲ. ಹೊಸದಿದ್ದಾಗ ಪರವಾಗಿಲ್ಲ, ಹಳೆಯದಾದರೆ ಅದೇ ಸಂದಿನಲ್ಲಿ ಉಳಿದುಕೊಳ್ಳುತ್ತದೆ. ಇಂಥ ಸಲಕರಣೆಗಳನ್ನೆಲ್ಲ ಕೊಳ್ಳುತ್ತ ಹೋದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಮರಳಿ ಜೋಡಿಸುವಾಗ ಉದ್ದ ಕೀಲಿಗಳಿಂದ ಆರಂಭಿಸಿ, ಸುತ್ತ ಜಾಗವಿದ್ದರೆ ತಂತಿ ಸಿಕ್ಕಿಸುವುದು ಸುಲಭ. ಮೊದಲು ತಂತಿಯನ್ನು ಎರಡೂ ಕೊಕ್ಕೆಗಳಿಗೆ ಕೂರಿಸಿ, ಆಮೇಲೆ ಒತ್ತಿ. ಬೆರಳಿಗೆ ತಾಗುವ ಸಣ್ಣ ಉಬ್ಬುಗೆರೆಗಳಿರುವ ಎರಡು ಮುಚ್ಚಳಗಳು ಎಫ್ ಮತ್ತು ಜೆ ಕೀಲಿಗಳವು. ಎಲ್ಲ ಮುಗಿದ ಮೇಲೆ ಖಾಲಿ ಕಡತವೊಂದನ್ನು ತೆರೆದು ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿ, ಎರಡೂ ಬದಿಯ ಶಿಫ್ಟ್‌ಗಳನ್ನು ಮರೆಯದೆ.

ಇಷ್ಟೆಲ್ಲ ಮಾಡಿದ ಮೇಲೂ ಸ್ಪೇಸ್‌ಬಾರ್ ತಡವಾಗಿಯೇ ಏಳುತ್ತಿದ್ದರೆ, ನಿಮ್ಮದು ರಬ್ಬರ್ ಗುಮ್ಮಟದ ಕೀಬೋರ್ಡ್ ಆಗಿದ್ದರೆ, ಆ ಗುಮ್ಮಟ ದಣಿದಿದೆ ಅಥವಾ ಹರಿದಿದೆ ಎಂದರ್ಥ. ಮುಚ್ಚಳವಿಲ್ಲದೆ ಗುಮ್ಮಟವನ್ನು ಬೆರಳಿನಿಂದಲೇ ಒತ್ತಿ, ಪಕ್ಕದ್ದರ ಜೊತೆ ಹೋಲಿಸಿದರೆ ಗೊತ್ತಾಗುತ್ತದೆ. ಅದಕ್ಕೆ ಶುಚಿ ಮಾಡುವುದು ಪರಿಹಾರವಲ್ಲ, ಬೇರೆ ಕೀಬೋರ್ಡ್ ಕೊಳ್ಳಬೇಕಾಗುತ್ತದೆ. ಹಳೆಯದರ ಮುಚ್ಚಳಗಳನ್ನು ಎಸೆಯುವ ಮುನ್ನ ಹೊಸದಕ್ಕೆ ಹೊಂದುತ್ತವೆಯೇ ನೋಡಿ; ಹೇಗೂ ತೊಳೆದಿಟ್ಟಿದ್ದೀರಿ.