ಪ್ರಿಂಟರ್ ಕಚ್ಚಿತು, ಲ್ಯಾಪ್‌ಟಾಪ್ ಉಬ್ಬಿತು: ನಿಮ್ಮ ಪ್ರಶ್ನೆ, ನನ್ನ ಉತ್ತರ

ನಿಮ್ಮ ಕಂಪ್ಯೂಟರ್ ನಿಮ್ಮ ಮೇಲೆ ತಿರುಗಿಬಿದ್ದೀತು ಎಂದು ಎಂದಾದರೂ ಅನ್ನಿಸಿದೆಯಾ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳನ್ನು ಓದಿ ಹೊಟ್ಟೆ ತುಂಬಾ ನಕ್ಕೆ. ಆದರೆ ಒಂದು ಪತ್ರ ಓದಿದಾಗ ಎದೆ ಝಲ್ ಎಂದಿತು. ಅದು ಯಾವುದೆಂದು ಓದುತ್ತಾ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ಸರ್, ನನಗೆ ಅವಸರ ಇದೆ ಅಂತ ನಮ್ಮ ಪ್ರಿಂಟರ್‌ಗೆ ಹೇಗೋ ಗೊತ್ತಾಗಿಬಿಡುತ್ತದೆ. ಬಿಡುವಿದ್ದಾಗ ಚೆನ್ನಾಗಿಯೇ ಇರುತ್ತದೆ, ಅರ್ಜಿ ಹಾಕುವ ಕೊನೆಯ ದಿನ ಮಾತ್ರ ಕಾಗದ ನುಂಗಿ ಕೂರುತ್ತದೆ. ಮೊನ್ನೆ ಒಳಗೆ ಕೈ ಹಾಕಿದೆ, ಬೆರಳು ಚುರ್ ಎಂದಿತು. ಕಚ್ಚಿತು ಅಂತಲೇ ನನ್ನ ನಂಬಿಕೆ.

ಕಚ್ಚಲಿಲ್ಲ, ಸುಟ್ಟಿತು. ನಿಮ್ಮದು ಲೇಸರ್ ಪ್ರಿಂಟರ್ ಇರಬೇಕು. ಅದರಲ್ಲಿ ಟೋನರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸಲು ಫ್ಯೂಸರ್ ಎಂಬ ಬಿಸಿ ಉರುಳೆ ಇರುತ್ತದೆ, ಅದು ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ನೀರು ಕುದಿಯುವುದೇ 100 ಡಿಗ್ರಿಗೆ! ಕಾಗದ ಸಿಕ್ಕಿಕೊಂಡರೆ ಮೊದಲು ಸ್ವಿಚ್ ಆಫ್ ಮಾಡಿ, ಅರ್ಧ ಗಂಟೆ ಆರಲು ಬಿಡಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಕಾಗದ ಸಾಗುವ ದಿಕ್ಕಿನಲ್ಲೇ ನಿಧಾನವಾಗಿ ಎಳೆಯಿರಿ. ಹರಿದು ಒಳಗೆ ಉಳಿದ ಒಂದು ಚೂರು ನಾಳೆಯ ಕಾಗದವನ್ನೂ ಹಿಡಿದು ನಿಲ್ಲಿಸುತ್ತದೆ.

ಅವಸರದ ವಿಷಯಕ್ಕೆ ಬಂದರೆ, ಅದು ನಿಮ್ಮ ಕೈಯಲ್ಲೇ ಇದೆ. ತಿಂಗಳುಗಟ್ಟಲೆ ಟ್ರೇಯಲ್ಲಿ ಬಿದ್ದಿದ್ದ ಕಾಗದ ತೇವ ಹೀರಿಕೊಂಡು ಒಂದಕ್ಕೊಂದು ಅಂಟಿರುತ್ತದೆ. ಅವಸರದಲ್ಲಿ ನಾವು ಅದರ ಮೇಲೇ ಇನ್ನೊಂದು ಕಟ್ಟು ತುರುಕುತ್ತೇವೆ, ಬಿಡಿಸುವುದೂ ಇಲ್ಲ, ಅಂಚು ಸರಿ ಮಾಡುವುದೂ ಇಲ್ಲ. ಎರಡು ಹಾಳೆ ಒಟ್ಟಿಗೆ ಒಳಗೆ ಹೋಗುತ್ತವೆ, ಅಷ್ಟೇ.

ಪ್ರಶ್ನೆ: ರಾತ್ರಿ ಎರಡು ಗಂಟೆಗೆ ಮುಚ್ಚಿಟ್ಟ ಲ್ಯಾಪ್‌ಟಾಪ್ ತಾನಾಗಿಯೇ ಎದ್ದು ಹಾವಿನಂತೆ ಬುಸುಗುಡುತ್ತದೆ. ಕತ್ತಲಲ್ಲಿ ಅದರ ದೀಪ ಬೇರೆ ಮಿನುಗುತ್ತದೆ. ಹತ್ತಿರ ಹೋಗಲೂ ಭಯ.

ಮುಚ್ಚಿಟ್ಟರೆ ಸಾಮಾನ್ಯವಾಗಿ ಅದು ಆಫ್ ಆಗುವುದಿಲ್ಲ, ನಿದ್ದೆಗೆ ಹೋಗುತ್ತದೆ. ಅಪ್‌ಡೇಟ್ ಹಾಕಿಕೊಳ್ಳಲು ಯಾರೂ ಬಳಸದ ಹೊತ್ತು ನೋಡಿ ಏಳುವಂತೆ ಅದಕ್ಕೆ ಮೊದಲೇ ಹೇಳಿಟ್ಟಿರುತ್ತಾರೆ. ಎದ್ದು ಕೆಲಸ ಮಾಡಿದರೆ ಪ್ರೊಸೆಸರ್ ಬಿಸಿಯಾಗುತ್ತದೆ, ಫ್ಯಾನ್ ತಿರುಗುತ್ತದೆ. ಆ ಬುಸುಗುಟ್ಟುವಿಕೆ ಅದೇ. ವಿಂಡೋಸ್ ಆದರೆ ಪವರ್ ಆಪ್ಷನ್ಸ್‌ನಲ್ಲಿ ವೇಕ್ ಟೈಮರ್ಸ್ ಅಂತ ಇರುತ್ತದೆ, ಅದನ್ನು ಆಫ್ ಮಾಡಿ. ಬ್ಯಾಗಿನಲ್ಲಿ ಇಡುವ ಮುಂಚೆ ಮಾತ್ರ ದಯವಿಟ್ಟು ಪೂರ್ತಿ ಶಟ್ ಡೌನ್ ಮಾಡಿ. ಬ್ಯಾಗಿನೊಳಗೆ ಎಚ್ಚರವಾದರೆ ಬಿಸಿ ಗಾಳಿಗೆ ಹೋಗಲು ದಾರಿಯೇ ಇರುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ. ಕಂಪ್ಯೂಟರ್ ಎದ್ದು ನಡೆದುಕೊಂಡು ಹೋಗಿ ಬಾಗಿಲಿಗೆ ಅಡ್ಡ ನಿಂತು ನಮ್ಮನ್ನು ಕೂಡಿಹಾಕಿದರೆ ಏನು ಮಾಡೋದು ಅಂತ ದಿನಾ ಕೇಳುತ್ತಾನೆ. ಸುಮ್ನೆ ಇರು ಅಂತ ಗದರಿದ್ದೇನೆ.

ಗದರಬೇಡಿ! ಈ ತಿಂಗಳ ಅತ್ಯುತ್ತಮ ಪ್ರಶ್ನೆ ಇದು. ಯಾಕೆಂದರೆ ಕಂಪ್ಯೂಟರಿನ ಭಾಗವೊಂದು ನಿಜಕ್ಕೂ ನಡೆದಾಡಿದ ಕಾಲ ಇತ್ತು.

1956ರಲ್ಲಿ ಐಬಿಎಂ ಕಂಪನಿ ಮಾಹಿತಿ ಉಳಿಸಿಡುವ ಮೊದಲ ಹಾರ್ಡ್ ಡಿಸ್ಕ್ ಡ್ರೈವ್ ಹೊರತಂದಿತು. ಒಂದೊಂದೂ 24 ಇಂಚು ಅಗಲದ 50 ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ್ದರು, ತೂಕ ಒಂದು ಟನ್ ಹತ್ತಿರ, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಈಗಿನ ಮೊಬೈಲಿನ ಒಂದೆರಡು ಫೋಟೊಗೆ ಸಾಲುವಷ್ಟು! ಮುಂದಿನ ದಶಕಗಳಲ್ಲಿ ಡ್ರೈವ್‌ಗಳು ವಾಷಿಂಗ್ ಮೆಷಿನ್ ಗಾತ್ರಕ್ಕೆ ಇಳಿದವು. ಒಳಗೆ ಭಾರದ ತಟ್ಟೆಗಳು ಗಿರಗಿರ ತಿರುಗುತ್ತಿದ್ದವು, ಓದುವ ತೋಳು ಹಿಂದಕ್ಕೂ ಮುಂದಕ್ಕೂ ರಭಸದಿಂದ ಓಡುತ್ತಿತ್ತು. ಬೇರಿಂಗ್ ಸವೆದಿದ್ದರೆ ಅಥವಾ ತೋಳು ಒಂದು ಕಡೆಗೆ ಜೋರಾಗಿ, ಇನ್ನೊಂದು ಕಡೆಗೆ ನಿಧಾನವಾಗಿ ಓಡಿದರೆ ಇಡೀ ಪೆಟ್ಟಿಗೆ ನೆಲದ ಮೇಲೆ ಎಳ್ಳಷ್ಟೆಳ್ಳಷ್ಟೇ ಜರುಗುತ್ತಿತ್ತು. ಮಗನಿಗೆ ಹೀಗೆ ತೋರಿಸಿ: ಕುರ್ಚಿಯಲ್ಲಿ ಕುಳಿತು ಕಾಲು ನೆಲಕ್ಕೆ ತಾಗಿಸದೆ ಮೈಯನ್ನು ಗಕ್ಕನೆ ಜಗ್ಗಿದರೆ ಕುರ್ಚಿ ಒಂದಿಷ್ಟು ಜರುಗುತ್ತದೆ ಅಲ್ವಾ, ಥೇಟ್ ಹಾಗೇ.

ಇಂಥದ್ದೊಂದು ಡ್ರೈವ್ ಹೀಗೆ ಜರುಗುತ್ತಾ ಹೋಗಿ ಕೋಣೆಯ ಒಂದೇ ಬಾಗಿಲಿಗೆ ಅಡ್ಡ ನಿಂತಿತಂತೆ, ಒಳಗೆ ಹೋಗಲು ಗೋಡೆ ಒಡೆಯಬೇಕಾಯಿತಂತೆ. ಇದು ಆ ಕಾಲದವರು ಹೇಳುತ್ತಾ ಬಂದ ಕಥೆ. ಅಂಥ ಡ್ರೈವ್‌ಗಳನ್ನು ಬೇಕೆಂದೇ ನಡೆಸಿ ಪಂದ್ಯ ಆಡುತ್ತಿದ್ದರು ಎಂದೂ ಹೇಳುತ್ತಾರೆ. ನಿಮ್ಮ ಮಗ ಇದ್ಯಾವುದನ್ನೂ ಕೇಳದೆ ಅದೇ ಬಾಗಿಲನ್ನು ತಾನಾಗಿಯೇ ಊಹಿಸಿದ್ದಾನೆ, ನನಗೆ ತುಂಬಾ ಖುಷಿಯಾಯಿತು.

ಈಗ ಹೆದರಬೇಕಿಲ್ಲ ಎಂದು ಅವನಿಗೆ ಹೇಳಿ. ಹಾರ್ಡ್ ಡಿಸ್ಕಿನ ಜಾಗಕ್ಕೆ ಬಂದಿರುವ ಇಂದಿನ ಎಸ್‌ಎಸ್‌ಡಿಯಲ್ಲಿ ಅಲುಗಾಡುವ ಭಾಗವೇ ಇಲ್ಲ. ಮನೆಯಲ್ಲಿ ಈಗಲೂ ನಡೆಯುವುದು ಮೊಬೈಲ್ ಮಾತ್ರ. ವೈಬ್ರೇಟ್‌ನಲ್ಲಿಟ್ಟು ಮೇಜಿನ ಮೇಲೆ ಬಿಟ್ಟು ಕರೆ ಮಾಡಿ ನೋಡಿ, ಗುರ್ ಗುರ್ ಎನ್ನುತ್ತಾ ತುದಿಗೆ ಹೋಗಿ ಬಿದ್ದರೂ ಬೀಳಬಹುದು. ಕೆಳಗೆ ದಿಂಬು ಇಟ್ಟುಕೊಳ್ಳಿ.

ಪ್ರಶ್ನೆ: ನಾಲ್ಕು ವರ್ಷದ ಲ್ಯಾಪ್‌ಟಾಪ್. ಹದಿನೈದು ದಿನದಿಂದ ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ, ಟಚ್‌ಪ್ಯಾಡ್ ಮೇಲೆದ್ದಿದೆ, ಮುಚ್ಚಳ ಸರಿಯಾಗಿ ಮುಚ್ಚುತ್ತಿಲ್ಲ. ನನ್ನ ಕೈಯನ್ನೇ ತಳ್ಳುತ್ತಿದೆ ಅಂತ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಕೆಲಸ ಮಾತ್ರ ನಡೆಯುತ್ತಿದೆ.

ನಗಬೇಡಿ, ದಯವಿಟ್ಟು. ಚಾರ್ಜರ್ ಈಗಲೇ ತೆಗೆಯಿರಿ, ಸ್ವಿಚ್ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ಒಳಗಿನ ಲಿಥಿಯಂ ಬ್ಯಾಟರಿ ಉಬ್ಬಿದೆ. ವಯಸ್ಸು, ಬಿಸಿ, ದಿನವಿಡೀ ಚಾರ್ಜಿನಲ್ಲೇ ಇಡುವುದು, ಇವೆಲ್ಲ ಸೇರಿ ಬ್ಯಾಟರಿಯೊಳಗಿನ ದ್ರಾವಣ ಒಡೆದು ಅನಿಲವಾಗುತ್ತದೆ. ಅನಿಲಕ್ಕೆ ಹೋಗಲು ಜಾಗ ಇಲ್ಲ, ಹಾಗಾಗಿ ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡನ್ನು ಮೇಲಕ್ಕೆ ಒತ್ತುತ್ತದೆ. ಒತ್ತಿ ಸರಿ ಮಾಡಲು ಹೋಗಬೇಡಿ, ಪಿನ್ನಿನಿಂದ ಚುಚ್ಚುವುದಂತೂ ಬೇಡವೇ ಬೇಡ. ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಹಾಸಿಗೆ, ಪುಸ್ತಕ, ಪರದೆಗಳಿಂದ ದೂರ, ಕಲ್ಲು ಅಥವಾ ಟೈಲ್ಸ್ ನೆಲದ ಮೇಲೆ ಇಡಿ. ಬ್ಯಾಟರಿ ಬದಲಾಯಿಸಲು ಬಲ್ಲವರಿಗೆ ಮೊದಲೇ ಫೋನ್ ಮಾಡಿ 'ಬ್ಯಾಟರಿ ಉಬ್ಬಿದೆ' ಎಂದು ತಿಳಿಸಿ, ಆಮೇಲೆ ಕೊಡಿ. ತೆಗೆದ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು.

ಅತಿಯಾಗಿ ಹೇಳುತ್ತಿಲ್ಲ. 2006ರಲ್ಲಿ ಡೆಲ್ ಕಂಪನಿ ಬೆಂಕಿಯ ಅಪಾಯ ಇದೆಯೆಂದು 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ವಾಪಸ್ ಕರೆಸಿಕೊಂಡಿತ್ತು. ಅಲ್ಲಿ ತಪ್ಪು ತಯಾರಿಕೆಯದ್ದು, ನಿಮ್ಮಲ್ಲಿ ವಯಸ್ಸಿನದ್ದು ಇರಬಹುದು. ಹೊತ್ತಿಕೊಂಡರೆ ಬೆಂಕಿ ಒಂದೇ.

ಪ್ರಶ್ನೆ: ಲೋಹದ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಎನ್ನುತ್ತದೆ. ನನ್ನನ್ನು ದೂರ ಇಡಲು ನೋಡುತ್ತಿದೆಯಾ?

ಚಾರ್ಜಿಗೆ ಹಾಕಿದಾಗ ಮಾತ್ರ ಹೀಗಾಗುತ್ತಿದ್ದರೆ ಕಾರಣ ಅಡಾಪ್ಟರ್. ಎರಡು ಪಿನ್ನಿನ ಅಡಾಪ್ಟರಿನಲ್ಲಿ ಅರ್ಥಿಂಗ್ ಇರುವುದಿಲ್ಲ, ಒಳಗಿನ ಚಿಕ್ಕ ಕೆಪಾಸಿಟರ್ ಮೂಲಕ ತೀರಾ ಕಡಿಮೆ ಕರೆಂಟ್ ಲೋಹಕ್ಕೆ ಸೋರುತ್ತದೆ. ಅದೇ ಕಂಪನಿಯ ಮೂರು ಪಿನ್ನಿನ ಪ್ಲಗ್ ಸಿಕ್ಕರೆ ಹಾಕಿ, ಜುಮ್ ನಿಲ್ಲುತ್ತದೆ. ಜುಮ್ ಅನ್ನುವುದು ಬಿಟ್ಟು ಪಟ್ ಎಂದು ಹೊಡೆದರೆ ಆ ಅಡಾಪ್ಟರ್ ಮತ್ತೆ ಬಳಸಬೇಡಿ.

ಪ್ರಶ್ನೆ: ಕಂಪ್ಯೂಟರ್ ನಿಧಾನವಾಯಿತು ಅಂತ ಸಿಟ್ಟಿನಲ್ಲಿ ಡಬ್ಬಕ್ಕೆ ಎರಡು ಬಾರಿಸಿದೆ. ಅಂದಿನಿಂದ ಟಕ್ ಟಕ್ ಎಂದು ಹಲ್ಲು ಕಡಿಯುತ್ತಿದೆ. ಸೇಡು ತೀರಿಸಿಕೊಳ್ಳುತ್ತದೆಯಾ?

ಹಳೆಯ ಬಗೆಯ ಹಾರ್ಡ್ ಡಿಸ್ಕ್ ಇದ್ದರೆ ಆ ಸದ್ದು ಅದರದ್ದೇ. ಅದರ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ, ಓದುವ ತಲೆ ತಟ್ಟೆಗೆ ತಾಗದೆ ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ನಿಮ್ಮ ಏಟಿಗೆ ಅದು ತಟ್ಟೆಗೆ ತಗುಲಿರಬಹುದು. ಈಗ ಆ ತಲೆ ತಟ್ಟೆಯ ಮೇಲಿನ ಗುರುತು ಸಿಗದೆ ಮತ್ತೆ ಮತ್ತೆ ಹುಡುಕುತ್ತಿದೆ, ಅದೇ ಟಕ್ ಟಕ್. ಹೀಗೆ ಶುರುವಾದ ಮೇಲೆ ಒಂದು ವಾರವೂ ಸಿಗಬಹುದು, ಒಂದು ಗಂಟೆಯೂ ಸಿಗದಿರಬಹುದು. ಸ್ಕ್ಯಾನ್ ಗೀನ್ ಅಂತ ಹೊತ್ತು ಕಳೆಯಬೇಡಿ. ಮಕ್ಕಳ ಫೋಟೊ ಎಲ್ಲಿವೆ, ಮೊದಲು ಅವನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ, ಆಮೇಲೆ ಕಾಗದಪತ್ರ. ಕಾಪಿ ಅರ್ಧಕ್ಕೇ ನಿಂತರೆ ಮತ್ತೆ ಆನ್ ಮಾಡಿ ನೋಡುವ ಆಸೆ ಬರುತ್ತದೆ. ಮಾಡಬೇಡಿ, ಆಫ್ ಮಾಡಿ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.