ಎರಡು ಔಷಧಿಗೂ ಮೂರ್ಛೆ ನಿಲ್ಲದಿದ್ದರೆ
ತಮ್ಮನಿಗೆ ಎರಡು ಔಷಧಿ ಕೊಟ್ಟರೂ ಮೂರ್ಛೆ ನಿಂತಿಲ್ಲ, ಹೊಸ ಮಾತ್ರೆಗಾಗಿ ಕಾಯಬೇಕೇ ಎಂದು ಕೇಳಿದ್ದೀರಿ. ಸುಮ್ಮನೆ ಕಾಯಬೇಡಿ. ಸರಿಯಾಗಿ ಆರಿಸಿದ ಎರಡು ಔಷಧಿ ಫಲಿಸದಿದ್ದರೆ ಅದು ಔಷಧಿಗೆ ಬಗ್ಗದ ಅಪಸ್ಮಾರ (ಮೂರ್ಛೆರೋಗ). ಅಪಸ್ಮಾರ ಇರುವವರಲ್ಲಿ ಸುಮಾರು ಮೂರರಲ್ಲೊಬ್ಬರ ಪಾಡು ಇದೇ. ಹೊಸದೆಲ್ಲ ಒಳ್ಳೆಯದೂ ಅಲ್ಲ: 2011ರಲ್ಲಿ ಬಂದ ರೆಟಿಗಾಬಿನ್ ಎಂಬ ಅಪಸ್ಮಾರದ ಮಾತ್ರೆ ಕೆಲವರ ಚರ್ಮ, ಉಗುರುಗಳನ್ನು ನೀಲಿಗಟ್ಟಿಸಿ, 2017ರಲ್ಲಿ ಮಾರುಕಟ್ಟೆಯಿಂದಲೇ ಹೊರಬಿತ್ತು.

ನಾನಾದರೆ ಶಸ್ತ್ರಚಿಕಿತ್ಸೆಯ ಬಗ್ಗೆ ಮೊದಲು ವಿಚಾರಿಸುತ್ತೇನೆ. (ಎಲ್ಲರೂ ಹೆದರುವುದು ಅದಕ್ಕೇ!) ಮಿದುಳಿನ ಟೆಂಪೊರಲ್ ಭಾಗದಲ್ಲಿ (ಕಿವಿಯ ಬದಿಯ ಭಾಗ) ಸೆಳವು, ಅಂದರೆ ಮೂರ್ಛೆ, ಹುಟ್ಟುವವರ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನ ಶೇ. 58 ಮಂದಿಗೆ ವರ್ಷದ ಬಳಿಕ ಅರಿವು ಕುಂದಿಸುವ ಸೆಳವು ಇರಲಿಲ್ಲ. ಔಷಧಿಯ ಗುಂಪಿನಲ್ಲಿ ಶೇ. 8. ವಿಡಿಯೊ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ವಿಡಿಯೊ ಸಮೇತ ದಾಖಲಿಸುವ ಪರೀಕ್ಷೆ), ಎಂಆರ್‌ಐ ಎರಡೂ ಇರುವ ಅಪಸ್ಮಾರ ಕೇಂದ್ರಕ್ಕೆ ಕಳುಹಿಸಿಕೊಡುವಂತೆ ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಈಗಿನ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.