‘ಮನೆಯವಳ ಥರ ಇದ್ದಾಳೆ, ಹೇಗೆ ಕೇಳೋದು?’

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ನನ್ನ ಹತ್ತಿರ ಸಲಹೆ ಕೇಳಲು ಬಂದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

“ಇವಳನ್ನ ಬಿಡಿಸಲಾ, ಇಟ್ಕೊಳ್ಳಲಾ? ಅಷ್ಟು ಹೇಳಿ ಮೇಡಂ, ಸಾಕು.”

ಬಂದವರು ಐವತ್ತರ ಆಸುಪಾಸಿನ ಗಂಡಸು. ಅವರ ತಾಯಿಗೆ ಪಾರ್ಶ್ವವಾಯು ಆಗಿ ಬಲಗಡೆ ಸ್ವಾಧೀನ ಇಲ್ಲ, ಮಾತು ತೊದಲುತ್ತದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಏಜೆನ್ಸಿ ಕಡೆಯಿಂದ ಬಂದ ಒಬ್ಬ ಹೆಂಗಸು ಹಗಲೂ ರಾತ್ರಿ ತಾಯಿಯ ಜೊತೆಗಿರುತ್ತಾಳೆ. ಪ್ರೀತಿಯಿಂದ ತಲೆ ಬಾಚುತ್ತಾಳೆ, ಮಾತಾಡಿಸುತ್ತಾಳೆ. ಎಲ್ಲರಿಗೂ ಸಮಾಧಾನವಾಗಿತ್ತು. ಆಮೇಲೆ ಒಂದೇ ವಾರದಲ್ಲಿ ಎರಡು ಘಟನೆ. ಬೆನ್ನಿನ ಕೆಳಗೆ, ಮೂಳೆ ಮುಗಿಯುವ ಕಡೆ, ಚರ್ಮ ಕಿತ್ತುಹೋದ ಹುಣ್ಣು ಕಂಡಿತು. ಇನ್ನೊಂದು ದಿನ ಮಗ ಬಿಪಿ ಮಾತ್ರೆ ಕೊಟ್ಟು ಹೊರಟರು, ಅದು ಗೊತ್ತಿಲ್ಲದೆ ಇವಳೂ ಕೊಟ್ಟಳು. ತಾಯಿಗೆ ತಲೆ ಸುತ್ತು ಬಂದು ಮಂಚದಿಂದ ಜಾರಿದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ನನ್ನ ಹತ್ತಿರ ಬರುವ ಹೊತ್ತಿಗೆ ಅವರು ಗುಟ್ಟಾಗಿ ಇಡಲು ಕ್ಯಾಮೆರಾ ನೋಡುತ್ತಿದ್ದರು.

ನಾನು ಕೇಳಿದ್ದು ಬೇರೆ. ಹೊರಳಿಸದೆ ಒಂದೇ ಮಗ್ಗುಲಲ್ಲಿ ಮಲಗಿಸಿದರೆ ಇಂಥ ಹುಣ್ಣಾಗುತ್ತದೆ. ರಾತ್ರಿ ಅಮ್ಮನ ಮಗ್ಗುಲು ಬದಲಿಸುವುದು ಯಾರು, ಎಷ್ಟು ಹೊತ್ತಿಗೊಮ್ಮೆ? “ಅವಳೇ ನೋಡ್ಕೊಳ್ತಾಳೆ.” ಸರಿ, ಅವಳು ಮಲಗೋದು ಯಾವಾಗ? ಉತ್ತರ ಬರಲಿಲ್ಲ. ಬೆಳಗ್ಗೆ ಆರಕ್ಕೇ ಏಳುತ್ತಾಳೆ. ತಾಯಿಯ ಕೆಲಸದ ಜೊತೆ ಮನೆಯ ಅಡುಗೆ, ನೆಲ ಒರೆಸುವುದು ಕೂಡ ಮೆಲ್ಲಗೆ ಅವಳ ತಲೆಗೇ ಬಂದಿತ್ತು. ಹಗಲಿಡೀ ದುಡಿದವಳು ಎರಡು ತಾಸಿಗೊಮ್ಮೆ ಎದ್ದು ರೋಗಿಯನ್ನು ಹೊರಳಿಸುತ್ತಾಳೆ ಅಂತ ನಂಬೋದು ನಮ್ಮ ಅನುಕೂಲಕ್ಕೆ, ಅಲ್ವಾ? ಎರಡು ತಾಸಿನ ಲೆಕ್ಕವನ್ನು ಅವಳಿಗೆ ಯಾರೂ ಹೇಳಿಯೂ ಇರಲಿಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ “ಬೇರೆಯವರನ್ನ ಕಳಿಸ್ತೀವಿ” ಅಂದರಂತೆ. ಬೇರೆಯವಳು ಬಂದರೂ ರಾತ್ರಿ ಅದೇ ರಾತ್ರಿ ತಾನೇ.

ಇನ್ನೊಂದು ಮಾತು ಅವರ ಬಾಯಿಂದ ತಡವಾಗಿ ಬಂತು. “ಅಮ್ಮನ ಬೆನ್ನು ನಾನು ಹೇಗೆ ನೋಡಲಿ ಮೇಡಂ?” ಮಗನಿಗೆ ಸಂಕೋಚ, ಸೊಸೆಗೆ ಹೊತ್ತಿಲ್ಲ. ತಿಂಗಳುಗಟ್ಟಲೆ ಆ ಬೆನ್ನನ್ನು ನೋಡಿದ್ದು ಒಬ್ಬಳೇ. ಅವಳಾದರೂ ಮನೆಯವಳ ಥರ ಇದ್ದಾಳೆ, ಪ್ರಶ್ನೆ ಕೇಳಿದರೆ ನೊಂದುಕೊಳ್ಳುತ್ತಾಳೆ ಅಂತ ಇವರು ಸುಮ್ನಿದ್ದರು. ನನಗೆ ಈ ‘ಮನೆಯವಳ ಥರ’ ಅನ್ನೋದನ್ನು ಕೇಳಿದರೆ ಸ್ವಲ್ಪ ಭಯವೇ. ಕೆಲಸದ ಹೊತ್ತು, ರಜೆ, ತಪಾಸಣೆ ಎಲ್ಲವೂ ಅಲ್ಲಿಗೇ ನಿಂತುಹೋಗುತ್ತವೆ. ಅದರಿಂದ ರೋಗಿಗೂ ನಷ್ಟ, ನೋಡಿಕೊಳ್ಳುವವಳಿಗೂ ನಷ್ಟ.

ಹುಣ್ಣನ್ನು ಮೊದಲು ಡಾಕ್ಟರಿಗೆ ತೋರಿಸಿ ಅಂದೆ. ಕಪ್ಪಾದರೆ, ಕೀವು ಅಥವಾ ವಾಸನೆ ಬಂದರೆ, ಜ್ವರ ಬಂದರೆ ಒಂದು ದಿನವೂ ಕಾಯಬೇಡಿ. ಇನ್ನು ಮುಂದೆ ಸ್ನಾನದ ಹೊತ್ತಿಗೆ ಇನ್ನೊಬ್ಬರ ಕಣ್ಣು ಬೀಳಲಿ, ಸೊಸೆಯದೋ, ಬಂದುಹೋಗುವ ನರ್ಸಿನದೋ. ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ, ಇವು ಮುಖ್ಯ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಣ್ಣ ತಿಳಿಯಾಗದೆ ಹಾಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತಲೇ ತಿಳಿಯಿರಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಇರಬಹುದು, ಆಗ ಬಿಸಿ, ಗಟ್ಟಿತನ, ನೋವು ನೋಡಬೇಕು. ಆ ಜಾಗವನ್ನು ಉಜ್ಜಬಾರದು. ಗಾಳಿ ಹಾಸಿಗೆ ತಂದೆವು ಅಂತ ಮಗ್ಗುಲು ಬದಲಿಸುವುದನ್ನು ಬಿಡಬಾರದು.

ಮಾತ್ರೆ ಕೊಡುವುದು ಒಂದೇ ಕೈ. ಕೊಟ್ಟ ತಕ್ಷಣ ಹಾಳೆಯಲ್ಲಿ ಹೊತ್ತು ಮತ್ತು ಸಹಿ. ಸಹಿ ಇದ್ದರೆ ಕೊಟ್ಟಾಗಿದೆ, ಇಲ್ಲದಿದ್ದರೆ ಕೇಳದೆ ಕೊಡಬೇಡ. ಅದೇ ಹಾಳೆಯಲ್ಲಿ ಮಗ್ಗುಲು ಬದಲಿಸಿದ್ದು, ತಿಂದದ್ದು, ಏನಾದರೂ ವಿಚಿತ್ರ ಕಂಡರೆ ಅದೂ. ತಪ್ಪಾದರೆ ಬರೆಯಲು ಹೆದರಬಾರದು, ಬರೆದಿದ್ದಕ್ಕೆ ಬೈಯಲ್ಲ ಅಂತ ಮೊದಲೇ ಹೇಳಿಬಿಡಿ.

ಇಪ್ಪತ್ನಾಲ್ಕು ಗಂಟೆ ಒಬ್ಬಳಿಂದ ಆಗದು. ಅಡುಗೆ, ನೆಲದ ಕೆಲಸ ಬಿಡಿಸಿ. ರಾತ್ರಿಗೆ ಬೇರೆ ಜನ ನೋಡಿ, ಇಲ್ಲವೇ ನೀವೇ ಪಾಳಿ ಹಂಚಿಕೊಳ್ಳಿ.

ಏಜೆನ್ಸಿಯನ್ನು ನೇರವಾಗಿ ಕೇಳಿ. ಎತ್ತುವುದು, ಹೊರಳಿಸುವುದು, ತಿನ್ನಿಸುವುದನ್ನು ಇವಳಿಗೆ ಕಲಿಸಿದ್ದು ಯಾರು? ಅಮ್ಮನಿಗಾಗಿ ಆರೈಕೆಯ ಯೋಜನೆ ಬರೆದಿದ್ದೀರಾ? ಮನೆಗೆ ಬಂದು ಪರಿಶೀಲಿಸುವ ನರ್ಸ್ ಇದ್ದಾರಾ? ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು? ಉತ್ತರ ಸಿಗದಿದ್ದರೆ ಅದು ಬರೀ ಜನ ಕಳಿಸುವ ಕಚೇರಿ.

ಕ್ಯಾಮೆರಾ ಬೇಕೇ ಅಂದರೆ ಅವಳಿಗೂ ತಾಯಿಗೂ ಹೇಳಿ, ತಾಯಿಯ ಒಪ್ಪಿಗೆ ಕೇಳಿ. ಬಟ್ಟೆ ಬದಲಿಸುವ ಜಾಗಕ್ಕಂತೂ ಬೇಡ. ಅದಕ್ಕಿಂತ ಮೊದಲು, ಅವಳಿಲ್ಲದ ಹೊತ್ತಲ್ಲಿ ಅಮ್ಮನನ್ನೇ ಕೇಳಿ ಅಂದೆ. ಎತ್ತುವ ಮುಂಚೆ ಹೇಳುತ್ತಾಳಾ? ನೋಯಿಸುತ್ತಾಳಾ? ಹೌದಾದರೆ ಎಡಗೈ ಹಿಸುಕಲಿ. ಅವರು ಒಮ್ಮೆಯೂ ಕೇಳಿರಲಿಲ್ಲ! ಬೆರಳಿನ ಗುರುತಿನಂಥ ಕಂದಿದ ಕಲೆ, ಅವಳನ್ನು ಕಂಡರೆ ತಾಯಿ ಮುದುಡುವುದು, ಇಂಥದ್ದೇನಾದರೂ ಇದ್ದರೆ ಹಾಳೆ ಗೀಳೆ ಏನೂ ಬೇಡ, ಅದೇ ದಿನ ಅವಳನ್ನು ಬಿಡಿಸಿ ದೂರು ಕೊಡಿ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಎತ್ತುವಾಗ ಹೇಳುತ್ತಾಳೆ, ನೋಯಿಸಲ್ಲ ಅಂತ ತಾಯಿ ತಿಳಿಸಿದರಂತೆ.

ಅವಳನ್ನೇ ಉಳಿಸಿಕೊಂಡರು, ರಾತ್ರಿಗೆ ಇನ್ನೊಬ್ಬರು ಬಂದರು. ಮುಂದಿನ ಭೇಟಿಗೆ ಅವರು ಆ ಹಾಳೆಗಳನ್ನೇ ತಂದಿದ್ದರು. ಮೊದಲ ದಿನದ ಸಾಲಲ್ಲೇ ಅವಳು ಬರೆದಿದ್ದಳು: ‘ನೀರು ಕುಡಿಯುವಾಗ ಅಜ್ಜಿಗೆ ಕೆಮ್ಮು, ತುಂಬ ದಿನದಿಂದ.’ ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಪಾರ್ಶ್ವವಾಯು ಆದವರಲ್ಲಿ ನುಂಗುವ ಶಕ್ತಿ ಕುಗ್ಗಿ ನೀರು, ಆಹಾರ ಶ್ವಾಸಕೋಶಕ್ಕೆ ಇಳಿಯಬಹುದು, ನ್ಯುಮೋನಿಯಾ ಆಗಬಹುದು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ನುಂಗುವುದನ್ನು ಪರೀಕ್ಷೆ ಮಾಡಿಸಿ ಅಂದೆ. ಅಲ್ಲಿಯವರೆಗೆ ಏನು, ಹೇಗೆ ಕೊಡಬೇಕು ಅಂತ ಅವರನ್ನೇ ಕೇಳಿ, ಮಲಗಿಸಿ ಮಾತ್ರ ಏನನ್ನೂ ಕೊಡಬೇಡಿ. ಅವರು ಹೊರಗೆ ಹೋಗಿ ಮೊದಲು ಡಾಕ್ಟರಿಗೆ, ಆಮೇಲೆ ಅವಳಿಗೆ ಫೋನ್ ಮಾಡಿದರು.